ಗಜಲಕ್ಷ್ಮಿ ಲಾರಿಯ ಹಾರ್ನೋದ್ಧರಣ ಪ್ರಸಂಗ

ಎಲೈ ವಾಗ್ದೇವಿಯೇ, ಧವಳಕಮಲಾಸನೆಯೇ, ನಿನ್ನ ವೀಣೆಯನ್ನು ಒಂದು ಗಳಿಗೆ ಬದಿಗಿಡು ತಾಯಿ. ಇಂದು ಹಾಡಬೇಕಾಗಿರುವುದು ತಂತಿಯ ಕಥೆಯೇ ಹೌದು. ಆದರೆ ಆ ತಂತಿ ವೀಣೆಯದಲ್ಲ, ಲಾರಿಯ ಹಾರ್ನಿನದು. ಹೇ ವಿಘ್ನರಾಜ, ನಿನ್ನ ವಾಹನಪುಂಗವನಾದ ಇಲಿರಾಯನನ್ನು ಈ ಕಥೆ ಮುಗಿಯುವ ತನಕ ಕಟ್ಟಿಹಾಕಿಕೊ. ನಿಂತ ಗಾಡಿಗಳ ವೈರು ಕಡಿಯುವುದರಲ್ಲಿ ಅವನ ಕೀರ್ತಿ ನಮ್ಮ ಗ್ಯಾರೇಜುಗಳಲ್ಲಿ ಮೊದಲೇ ಹಬ್ಬಿದೆ. ಇನ್ನು ಕೇಳುಗರು. ನಡುವೆ ಎದ್ದು ಚಹಕ್ಕೆ ಹೋಗುವವರಿದ್ದರೆ ಈಗಲೇ ಹೋಗಿ ಬನ್ನಿ. ಯುದ್ಧ ಶುರುವಾದ ಮೇಲೆ ಈ ಕಥೆ ಯಾರಪ್ಪನಿಗೂ ಕಾಯುವುದಿಲ್ಲ.

ಅದು ಘೋರ ಕಲಿಯುಗ. ಮೂಗುಳ್ಳ ಲಾರಿಗಳೆಲ್ಲ ಗುಜರಿ ಸೇರಿ, ಚಪ್ಪಟೆ ಮುಖದ ಲಾರಿಗಳು ಚತುಷ್ಪಥ ಹೆದ್ದಾರಿಗಳನ್ನು ಆಳುತ್ತಿದ್ದ ಕಾಲ. ಅಂಥ ದುಷ್ಕಾಲದಲ್ಲಿ, ಗದಗಿಗೆ ಬೆನ್ನು ಹಚ್ಚಿ ಕೂತ ಬೆಟಗೇರಿಯೆಂಬ ಪುರದಲ್ಲಿ, ಉಳ್ಳಾಗಡ್ಡಿಭಾರವಹನಧುರಂಧರನೂ, ಸೊಲ್ಲಾಪುರಮಾರ್ಗಸಕಲಗುಂಡಿಪರಿಚಿತನೂ, ಅರ್ಧನಿಮೀಲಿತನೇತ್ರನಾಗಿಯೇ ಘಟ್ಟ ಇಳಿಸಬಲ್ಲವನೂ, ಅರವತ್ತೊಂದನೆಯ ವಯಸ್ಸಿನಲ್ಲಿಯೂ ಕನ್ನಡಕವನ್ನು ತೃಣಸಮಾನವೆಂದು ಬಗೆದವನೂ ಆದ ದ್ಯಾಮಪ್ಪನೆಂಬ ಮಹಾರಥಿಯಿದ್ದನು. ಅವನ ರಥವೇ ಗಜಲಕ್ಷ್ಮಿ. ದೀರ್ಘನಾಸಿಕಾವಿರಾಜಿತೆ, ಕಾಷ್ಠಮಂಟಪಶೋಭಿತೆ, ಕೃಷ್ಣಧೂಮೋದ್ಗಾರಿಣಿ. ಅಂದರೆ ಉದ್ದ ಬಾನೆಟ್ಟಿನ, ಕಟ್ಟಿಗೆ ಕ್ಯಾಬಿನ್ನಿನ, ಕರಿಹೊಗೆ ಉಗುಳುವ ಹಳೇ ಕಾಲದ ಲಾರಿ. ಮೂವತ್ತೊಂದು ವರ್ಷ ಆ ಲಾರಿ ಆ ಮನೆಗೆ ಅನ್ನ ಹಾಕಿತ್ತು. ಈಗ ಸುಗ್ಗಿಯ ಎರಡು ತಿಂಗಳು ಉಳ್ಳಾಗಡ್ಡಿ ಹೊತ್ತು, ಉಳಿದ ಹತ್ತು ತಿಂಗಳು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತು ಕಾಗೆಗಳ ಸೇವೆಯನ್ನು ಸ್ವೀಕರಿಸುತ್ತಿತ್ತು.

ದ್ಯಾಮಪ್ಪನಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳ ದಿಬ್ಬಣ ಹೊರಟ ದಿನ ಅವನು ಸೊಲ್ಲಾಪುರದಾಚೆ ಎಕ್ಸೆಲ್ ಮುರಿದುಕೊಂಡು ರಸ್ತೆಯ ಬದಿಗೆ ಕೂತಿದ್ದನು. ಎರಡನೆಯವಳ ದಿಬ್ಬಣ ಹೊರಟಾಗ ಅವನ ಬಲಗಾಲು ಪ್ಲಾಸ್ಟರಿನಲ್ಲಿತ್ತು. ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಯಾರೋ ಪರಕೀಯ ಡ್ರೈವರನು ಗೇರು ಹಾಕುವ ರೀತಿಗೆ ಹಲ್ಲು ಕಡಿಯುತ್ತ ಹೋಗಿದ್ದನು. ಊರಿನ ಕಂಡಕಂಡವರ ಮಕ್ಕಳ ದಿಬ್ಬಣ ಹೊತ್ತ ಆ ವೀರನಿಗೆ ತನ್ನ ಮಗಳನ್ನು ತಾನೇ ಕರೆದೊಯ್ಯುವ ಭಾಗ್ಯ ಒಮ್ಮೆಯೂ ಒದಗಿರಲಿಲ್ಲ. ಉಳಿದವಳು ಕಿರಿಯವಳು, ಕಸ್ತೂರಿ. ಅವಳ ಮದುವೆ ಸೋಮವಾರ ಬೆಳಿಗ್ಗೆ ಡಂಬಳದಲ್ಲಿ, ಗಂಡಿನ ಮನೆಯಲ್ಲಿ. ದಿಬ್ಬಣ ಹೊರಡಬೇಕಾದದ್ದು ಭಾನುವಾರ ಮಧ್ಯಾಹ್ನ, ನಾಲ್ಕೂವರೆಗೆ ರಾಹುಕಾಲ ಹೊಗುವ ಮೊದಲು. ಮದುಮಗಳು ಗಜಲಕ್ಷ್ಮಿಯ ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲಿ ಕೂರಬೇಕೆಂಬುದು ದ್ಯಾಮಪ್ಪನ ಇಷ್ಟ. ಇಷ್ಟ ಅಂದರೆ ಸಣ್ಣ ಮಾತಾಯಿತು, ಅವನಿಗೆ ಅದರ ಮೇಲೆ ಜೀವವೇ ಇತ್ತು.

ಆದರೆ ಅಯ್ಯೋ ವಿಧಿಯೇ! ಎರಡು ತಿಂಗಳ ಹಿಂದೆ ಗಜಲಕ್ಷ್ಮಿಯ ಕಂಠ ಬಿದ್ದುಹೋಗಿತ್ತು. ಸ್ಟೇರಿಂಗಿನ ಚಕ್ರಮಧ್ಯದಲ್ಲಿ ವಿರಾಜಮಾನವಾದ ಹಾರ್ನಿನ ಗುಂಡಿಯನ್ನು ಒತ್ತಿದರೂ ಇಲ್ಲ, ಗುದ್ದಿದರೂ ಇಲ್ಲ, ತಾಯಿ ಮಗಳೇ ಎಂದು ಬೇಡಿಕೊಂಡರೂ ಹಾರ್ನು ಹೊಡೆಯುತ್ತಿರಲಿಲ್ಲ. ಇವತ್ತು ಮಾಡಿಸೋಣ, ನಾಳೆ ಮಾಡಿಸೋಣ ಎಂದು ನಮ್ಮ ಮಹಾರಥಿ ಪೆಂಡಾಲಿನವರ ಹಿಂದೆ, ಅಡುಗೆಯ ಬಾಂಡೆಯವರ ಹಿಂದೆ ತಿರುಗುತ್ತಲೇ ದಿನ ಕಳೆದನು. ಗಂಡಸರ ನಾಳೆಗೆ ಎಷ್ಟು ದಿನಗಳೆಂದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ, ಅಂಗಳದಲ್ಲಿ ಬ್ಯಾಂಡಿನವರು ಉಪ್ಪಿಟ್ಟು ತಿನ್ನುತ್ತಿರಲು, ನವನೂತನಟೆಂಪೋಗರ್ವಿತನೂ ತಂಪುಗನ್ನಡಕಧಾರಿಯೂ ಶ್ವೇತಪ್ಯಾಂಟಾಲಂಕೃತನೂ ಶ್ಯಾಲಕಶಿರೋಮಣಿಯೂ ಆದ ವಿರುಪಣ್ಣನು ಬಂದಿಳಿದನು. ಇವನು ದ್ಯಾಮಪ್ಪನ ಹೆಂಡತಿ ನೀಲವ್ವನ ಒಡಹುಟ್ಟಿದ ತಮ್ಮ. ಬಂದವನು ಸುಮ್ಮನಿರಬಾರದೇ? ಗಜಲಕ್ಷ್ಮಿಯ ಕ್ಯಾಬಿನ್ನಿಗೆ ಕೈ ಹಾಕಿ, ಬೀಗರ ಕಡೆಯಿಂದ ಹೂವು ತಂದಿದ್ದ ಇಬ್ಬರ ಎದುರಿಗೇ ಗುಂಡಿ ಒತ್ತಿದನು. ಬೇವಿನ ಮರದ ಎಲೆಯೂ ಅಲುಗಲಿಲ್ಲ.

"ಭಾವಾ, ಇದೇನ್ರೀ, ನಿಮ್ಮ ಲಾರಿ ಮೌನವ್ರತ ಹಿಡದೈತಿ? ದಾರ್ಯಾಗ ಎಮ್ಮಿ ಅಡ್ಡ ಬಂದ್ರ ಇಳದು ಕೈ ಮುಗೀತೀರೇನು?" ಎಂದು ಹಲ್ಲುಕಿರಿದು, ಒಳಗೆ ಕೇಳಿಸುವಂತೆ ಕೂಗಿದನು: "ಅಕ್ಕಾ, ಕಸ್ತೂರಿನ್ನ ನನ್ನ ಟೆಂಪೋದಾಗ ಕಳಸು! ಎ.ಸಿ. ಐತಿ, ಮಕಕ್ಕ ಹಚ್ಚಿದ್ದು ಇಳಿಯಂಗಿಲ್ಲ."

ಆಗ ಅಡುಗೆಯ ಚಪ್ಪರದಿಂದ, ಬುಂದೆ ಕರಿಯುವ ಜಾಲರಿಯನ್ನು ಆಯುಧದಂತೆ ಹಿಡಿದು, ಪಾಕಶಾಲಾಚಕ್ರವರ್ತಿನಿಯೂ ಗೃಹನ್ಯಾಯಾಧೀಶ್ವರಿಯೂ ಆದ ನೀಲವ್ವನು ಹೊರಬಂದಳು. ಗಂಡನನ್ನೂ ನೋಡಿದಳು, ತಮ್ಮನನ್ನೂ ನೋಡಿದಳು, ಲಾರಿಯನ್ನೂ ನೋಡಿದಳು.

"ಹೋದ ಐತಾರ ಕುರಿ ಹಿಂಡಿನಾಗ ಸಿಕ್ಕು ಒಂದ ತಾಸು ನಿಂತು ಬಂದೀರಿ. ಮದುಮಗಳ್ನ ಕುಂಡ್ರಿಸಿಕೊಂಡು ಹಂಗ ನಿಂದ್ರೂದು ನನಗ ಬ್ಯಾಡ. ನಾಕೂ ಕಾಲಿನೊಳಗ ಹಾರ್ನ್ ಹೊಡೀತು, ಮಗಳು ನಿಮ್ಮ ಲಾರ್ಯಾಗ. ಹೊಡೀಲಿಲ್ಲ, ನನ್ನ ತಮ್ಮನ ಟೆಂಪೋದಾಗ. ಮಾತು ಮುಗೀತು."

ತೀರ್ಪು ಕೊಟ್ಟು ಅವಳು ಬುಂದೆಗೆ ಹಿಂದಿರುಗಿದಳು. ಆದರೂ ವೀರನು ವೀರನೇ. ಮೀಸೆಯ ಎರಡೂ ತುದಿಗಳನ್ನು ಮೇಲಕ್ಕೆತ್ತಿ, ಬಾನೆಟ್ಟಿನ ಮೇಲೆ ಅಂಗೈ ಊರಿ, ಅವನು ಗರ್ಜಿಸಿದ ಪರಿಯೆಂತೆಂದರೆ: "ಎಲೈ ಶ್ಯಾಲಕಾಧಮನೇ! ಯಾವಳ ಘೋಷಮಾತ್ರದಿಂದ ಹುಬ್ಬಳ್ಳಿಯ ಬೈಲುಗಳು ನಡುಗಿದವೋ, ಯಾವಳ ನಾದವನ್ನು ಕೇಳಿ ಮದಿಸಿದ ಕೋಣಗಳು ಹೆದ್ದಾರಿಯನ್ನು ತ್ಯಜಿಸಿ ಹೊಲಗಳಲ್ಲಿ ಸನ್ಯಾಸ ಕೈಗೊಂಡವೋ, ಆ ಗಜಲಕ್ಷ್ಮಿಯನ್ನು ಮೂಕಿಯೆಂದೆಯಾ? ಸೂರ್ಯನು ಬೇವಿನ ಮರದ ಆಚೆಗೆ ಬಾಗುವುದರೊಳಗೆ ಅವಳ ಕಂಠವನ್ನು ತೆರೆಯಿಸದಿದ್ದರೆ, ನಾನು ಸ್ಟೇರಿಂಗು ಹಿಡಿದ ಈ ಕೈಗಳಿಂದ ಇನ್ನು ಮೇಲೆ ಎಮ್ಮೆಯ ಹಗ್ಗವನ್ನು ಹಿಡಿಯುವೆನು!"

ಇದು ಕಥೆಗಾರನ ಕಿವಿಗೆ ಬಿದ್ದ ಮಾತು. ಅಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರ ಕಿವಿಗೆ ಬಿದ್ದದ್ದು, "ಹೊಡಸ್ತೇನಿ. ನೋಡ್ಕೋಂತ ನಿಂದ್ರು," ಇಷ್ಟೇ.

ಒಬ್ಬನೇ ಗೆಲ್ಲುವ ಯುದ್ಧ ಇದಲ್ಲವೆಂದು ಬಲ್ಲ ದ್ಯಾಮಪ್ಪನು ಕೂಡಲೇ ಮಿತ್ರನಿಗೆ ಹೇಳಿಕಳುಹಿಸಿದನು. ಆ ಮಿತ್ರನೇ ದಾವಲಸಾಬ: ವಿದ್ಯುತ್ತಂತ್ರವಿಶಾರದ, ಸಮಸ್ತವೈರುವರ್ಣಭೇದಜ್ಞ, ದಾರ ಕಟ್ಟಿದ ಕನ್ನಡಕದೊಳಗಿಂದಲೇ ಡೈನಮೋದ ಅಂತರಂಗವನ್ನು ಅರಿಯಬಲ್ಲ ತ್ರಿಕಾಲಜ್ಞಾನಿ. ಅವನು ಬಂದದ್ದು ಮದುವೆಗೆಂದು ಹೊಲಿಸಿದ ಹಾಲುಬಿಳುಪಿನ ಜುಬ್ಬಾ ತೊಟ್ಟು, ಅತ್ತರು ಪೂಸಿಕೊಂಡು.

"ದ್ಯಾಮಣ್ಣ, ನಾ ಇವತ್ತ ಊಟಕ್ಕ ಬಂದಾಂವ. ಜುಬ್ಬಾಕ್ಕ ಗ್ರೀಸ್ ಹತ್ತಿದ್ರ ಮನ್ಯಾಗ ನನ್ನ ಒಳಗ ಬಿಟ್ಟುಕೊಳ್ಳೂದಿಲ್ಲ," ಎಂದನು.

"ಲೇ ದಾವಲ್ಯಾ," ಎಂದು ದ್ಯಾಮಪ್ಪನು ಅವನ ಎರಡೂ ತೋಳು ಹಿಡಿದನು. ಇಲ್ಲಿ ವೀರಭಾಷಣವೇನೂ ಇಲ್ಲ. "ಎರಡು ಮಕ್ಕಳ್ನ ಕಳಸೂ ಮುಂದ ನಾ ಗಾಡಿ ಹೊಡೀಲಿಲ್ಲ. ಇದೊಂದ ಉಳದೈತಿ."

ದಾವಲಸಾಬನು ಜುಬ್ಬಾದ ತೋಳು ಮಡಿಸಿದನು.

ಪ್ರಥಮ ಸಂಗ್ರಾಮವು ಬಾನೆಟ್ಟಿನ ಕೆಳಗೆ ನಡೆಯಿತು. ಫ್ಯೂಜು ಸರಿಯಿತ್ತು, ವೈರುಗಳು ಸರಿಯಿದ್ದವು, ಇಲಿರಾಯನು ಈ ಒಂದು ವಿಷಯದಲ್ಲಿ ನಿರಪರಾಧಿಯಾಗಿದ್ದನು. ಆಗ ದಾವಲಸಾಬನು ಬ್ಯಾಟರಿಯಿಂದ ನೇರವಾಗಿ ಒಂದು ವೈರು ಎಳೆದು, ಒಳಗಡೆ ತುತ್ತೂರಿಯಂತೆ ಬಾಯಿ ತೆರೆದು ಕೂತಿದ್ದ ಹಾರ್ನಿಗೆ ಮುಟ್ಟಿಸಿದನು.

ಭೋಂ!

ಬ್ಯಾಂಡಿನವನ ಕೈಯೊಳಗಿನ ತಾಟು ಹಾರಿತು. ಬೇವಿನ ಮರದ ಕಾಗೆಗಳು ಒಟ್ಟಿಗೆ ಎದ್ದವು. ಒಣಗಲು ಹಾಕಿದ ಹಪ್ಪಳದ ಮೇಲೆ ಕೂತಿದ್ದ ಕೋಳಿ ಹೊರಟದ್ದು ಸಂಜೆಯಾದರೂ ಮನೆಗೆ ಬರಲಿಲ್ಲ. ದ್ಯಾಮಪ್ಪನು ಎರಡೂ ಕೈಯೆತ್ತಿ ವಿಜಯೋನ್ಮತ್ತನಾಗಿ ಚಪ್ಪರದ ಕಡೆ ತಿರುಗಿ, "ಕೇಳಿಸ್ತಿಲ್ಲೋ?" ಎಂದು ಕೇಳಿದನು.

"ಕೇಳಿಸ್ತು," ಎಂದು ಒಳಗಿಂದ ನೀಲವ್ವನ ದನಿ ಬಂತು. "ಎಮ್ಮಿ ಅಡ್ಡ ಬಂದಾಗೆಲ್ಲ ದಾವಲಸಾಬಣ್ಣ ಬಾನೆಟ್ ಮ್ಯಾಲೆ ಕುಂತು ವೈರ್ ಮುಟ್ಟಸ್ತಾನೇನು? ಗುಂಡಿ ಒತ್ತಿ ಹೊಡೀರಿ."

ನ್ಯಾಯವಾದ ಮಾತು. ಕಂಠದಲ್ಲಿ ದೋಷವಿಲ್ಲ, ದೋಷವಿರುವುದು ಸ್ಟೇರಿಂಗಿನ ಗುಂಡಿಯಲ್ಲಿ ಎಂಬುದು ಸಿದ್ಧವಾಯಿತು. ಆಗ ಗಂಟೆ ಒಂದೂವರೆ.

ದ್ವಿತೀಯ ಸಂಗ್ರಾಮದ ಶತ್ರು ಆ ಗುಂಡಿಯ ಮೇಲಿನ ಮುಚ್ಚಳ. ಅಂಗೈಯಗಲದ, ಕರಿಯ, ನುಣುಪಾದ, ಕ್ಷುದ್ರವಾದ ಒಂದು ಮುಚ್ಚಳ, ತಿರುಗಿಸಿದರೆ ಬರಬೇಕು. ಬರಲಿಲ್ಲ. ದ್ಯಾಮಪ್ಪನು ಬಲಗೈಯಿಂದ ತಿರುಗಿಸಿದನು, ಎಡಗೈಯಿಂದ ತಿರುಗಿಸಿದನು, ಸೀಟಿನ ಮೇಲೆ ಮಂಡಿಯೂರಿ ಎರಡೂ ಕೈಯಿಂದ ತಿರುಗಿಸಿದನು. ಮುಚ್ಚಳದ ಬದಲಿಗೆ ಸ್ಟೇರಿಂಗು ತಿರುಗಿ, ಸ್ಟೇರಿಂಗಿನೊಂದಿಗೆ ಮುಂದಿನ ಗಾಲಿಗಳು ತಿರುಗಿ, ಗಾಲಿಯ ಬದಿಗೆ ಬೆನ್ನು ಹಚ್ಚಿ ನಿದ್ದೆ ಹೋಗಿದ್ದ ಡೋಲಿನವನು ಎಚ್ಚೆತ್ತು ಬೈದನು. ಸೀಮೆಎಣ್ಣೆಯ ಅಭಿಷೇಕವಾಯಿತು. ಕೊಬ್ಬರಿಎಣ್ಣೆಯ ಅಭಿಷೇಕವಾಯಿತು. ವಿರುಪಣ್ಣನು ತನ್ನ ಟೆಂಪೋದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ತುಪ್ಪದ ಅಭಿಷೇಕ ಮಾಡ್ರಿ ಭಾವಾ, ಒಲೀಬಹುದು," ಎಂದು ಸಲಹೆ ಕೊಟ್ಟನು. ಕುಣಿಯಲಾರದವಳಿಗೆ ನೆಲ ಡೊಂಕು, ಕೂತು ನೋಡುವವನಿಗೆ ಎಲ್ಲವೂ ಸಸಾರ.

ಎರಡೂ ಮುಕ್ಕಾಲಿಗೆ, ದಾವಲಸಾಬನು ಸ್ಕ್ರೂಡ್ರೈವರಿನ ಮೊನೆಯನ್ನು ಅಂಚಿಗೆ ಹಾಕಿ ಮೀಟಿದಾಗ, ಟಪ್ಪೆಂದು ಮುಚ್ಚಳ ಹಾರಿತು. ಇಬ್ಬರೂ ಒಳಗೆ ಬಗ್ಗಿ ನೋಡಿದರು.

ಸ್ಪ್ರಿಂಗು ಕಾಣುವುದಿಲ್ಲ, ತಾಮ್ರದ ತಗಡು ಕಾಣುವುದಿಲ್ಲ. ಇದ್ದದ್ದು ಕೆಂಪು. ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ಬಿಳಿ, ಮತ್ತೆ ಕೆಂಪು. ಕಲ್ಲಿನಂತೆ ಗಟ್ಟಿಯಾದ ಕುಂಕುಮ, ಅರಿಷಿಣ, ವಿಭೂತಿ, ಗಂಧ! ಲೋಕದ ಲಾರಿಗಳಿಗೆಲ್ಲ ಆಯುಧಪೂಜೆಯ ದಿನ ಕುಂಕುಮ ಹಚ್ಚುವುದು ಬಾನೆಟ್ಟಿನ ಹಣೆಗೆ. ಆದರೆ ದ್ಯಾಮಪ್ಪನದು ಬೇರೆಯೇ ಸಿದ್ಧಾಂತ. ಗಾಡಿಯ ಜೀವ ಹಾರ್ನಿನಲ್ಲಿದೆ, ಜೀವವಿದ್ದಲ್ಲಿ ಪೂಜೆ ಎಂದು ಅವನು ಮೂವತ್ತೊಂದು ಆಯುಧಪೂಜೆಗಳಲ್ಲಿ, ಮೂವತ್ತೊಂದು ಸಲ, ಗುಂಡಿಯ ಮೇಲೆಯೇ ಕೈತುಂಬ ಕುಂಕುಮ ಹಚ್ಚಿ, ಗಂಧ ಬಳಿದು, ತೆಂಗಿನಕಾಯಿ ನೀರು ಪ್ರೋಕ್ಷಿಸಿದ್ದನು. ಅದೆಲ್ಲವೂ ಸಂದಿಯಿಂದ ಇಳಿದು, ವರ್ಷಕ್ಕೊಂದು ಪದರ ಕಟ್ಟಿ, ಗಜಲಕ್ಷ್ಮಿಯ ದನಿಯನ್ನು ಭಕ್ತಿಯಿಂದಲೇ ಮುಚ್ಚಿಹಾಕಿತ್ತು.

"ದೇವರು ತ್ರಾಸು ಕೊಟ್ಟಿದ್ದನ್ನ ಕೇಳೇನಿ," ಎಂದನು ದಾವಲಸಾಬ. "ದೇವರಿಗೆ ಇಷ್ಟು ತ್ರಾಸು ಕೊಟ್ಟವನ್ನ ಇವತ್ತ ನೋಡಿದೆ." ಎಂದು ಸ್ಕ್ರೂಡ್ರೈವರು ಎತ್ತಿದನು.

"ಏ ತಡೀ!" ದ್ಯಾಮಪ್ಪ ಅವನ ಕೈ ಹಿಡಿದನು. "ಕುಂಕುಮ ಅದು. ಮಗಳ ಮದವಿ ದಿನ ಕುಂಕುಮ ಕೆರೀತಾರೇನಲೇ?"

ದಾವಲಸಾಬನ ಕೈಯೂ ಅಲ್ಲಿಯೇ ನಿಂತಿತು. "ಹಂಗಾರ ನಾ ಕೆರ್ಯಾಂಗಿಲ್ಲಪಾ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ದಾವಲ್ಯಾ ಕೆರದಿದ್ದ ಅಂತೀರಿ."

ಹೀಗೆ ವಿಜಯದ ಹೊಸ್ತಿಲಲ್ಲಿ ಧರ್ಮಸೂಕ್ಷ್ಮವೊಂದು ಅಡ್ಡ ಮಲಗಿತು. ಕೆರೆಯದಿದ್ದರೆ ಹಾರ್ನಿಲ್ಲ; ಕೆರೆದರೆ ಅಪಶಕುನ. ಮೂರು ಗಂಟೆ ದಾಟಿತು. ಕಡೆಗೆ ಪಂಚಾಂಗ ಹಿಡಿದು ಕೂತಿದ್ದ ಹಿರೇಮಠದ ಅಯ್ಯನವರನ್ನು ಕರೆತಂದರು. ಅವರು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನಿಂತು, ಕಿಸೆಯ ಪೆನ್ನು ತೆಗೆದು ಅದರ ತುದಿಯಿಂದ ಕುಂಕುಮವನ್ನು ಕುಟ್ಟಿ ನೋಡಿ, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು.

"ಅಳಸಬಾರದು, ಖರೆ," ಎಂದರು. "ಆದ್ರ ಎತ್ತಿಡಬಹುದು. ತಾಟಿನ್ಯಾಗ ಎತ್ತಿ ಗಾಡಿ ಹಣಿಗೆ ಹಚ್ಚರಿ. ಮುತ್ತೈದಿ ಕೈಲೇ ಎತ್ತಬೇಕು, ಮತ್ತ."

ಮುತ್ತೈದೆ! ಅಂದರೆ ನೀಲವ್ವ! ಯಾರು ಗಡುವು ಕೊಟ್ಟವಳೋ ಅವಳ ಮುಂದೆಯೇ ಹೋಗಿ ಕೈಯೊಡ್ಡಬೇಕು. ದ್ಯಾಮಪ್ಪನು ಚಪ್ಪರದ ಕಂಬ ಹಿಡಿದು ನಿಂತು ಎರಡು ಸಲ ಕೆಮ್ಮಿದನು. ಅವಳು ವಿಷಯ ಕೇಳಿ, ಬುಂದೆಯ ಕೈ ತೊಳೆದು, ಸೆರಗು ಸಿಕ್ಕಿಸಿ, ಬಂದು ಡ್ರೈವರಿನ ಸೀಟಿನ ಮೇಲೆ ಕೂತಳು. ಕೂದಲಿನ ಪಿನ್ನು ತೆಗೆದು, ಮೂವತ್ತೊಂದು ವರ್ಷದ ಕುಂಕುಮವನ್ನು ಚೂರುಚೂರಾಗಿ ಎತ್ತಿ ತಾಟಿಗೆ ಹಾಕುತ್ತ ಹೋದಳು. ಇಪ್ಪತ್ತು ನಿಮಿಷ ಹಿಡಿಯಿತು.

"ನೋಡ್ರಿ," ಎಂದಳು ಕೊನೆಗೆ, ತಾಟನ್ನು ಗಂಡನ ಕೈಗೆ ಕೊಡುತ್ತ. "ನನ್ನ ಹಣಿಗೂ ಇಷ್ಟು ಕುಂಕುಮ ಹಚ್ಚಿಲ್ಲ ನೀವು."

ಅವಳ ಮುಖದಲ್ಲಿ ನಗೆ ಇತ್ತೋ ಸಿಟ್ಟಿತ್ತೋ ನೋಡುವುದರೊಳಗೆ ಅವಳು ಇಳಿದು ಹೋಗಿದ್ದಳು. ಅವನು ಆ ಕುಂಕುಮವನ್ನು ಬಾನೆಟ್ಟಿಗೆ ಹಚ್ಚಿ ಕೈ ಮುಗಿದನು.

ಆದರೆ ಕಷ್ಟ ಒಂಟಿಯಾಗಿ ಬರುತ್ತದೆಯೇ? ಕುಂಕುಮ ಹೋದ ಮೇಲೆ ನೋಡಿದರೆ, ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು, ಮುಟ್ಟಿದ ಕೂಡಲೇ ಪುಡಿಯಾಯಿತು. ಇಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದು ಆ ಕುಂಕುಮವೇ ಇರಬೇಕು. ಭಾನುವಾರ, ಅಂಗಡಿಗಳೆಲ್ಲ ಬಂದ್. ಗಂಟೆ ಮೂರೂ ನಲವತ್ತು. ದಾವಲಸಾಬನ ಕಣ್ಣು ಸುತ್ತಲೂ ತಿರುಗಿ, ಅಯ್ಯನವರ ಕಿಸೆಯೊಳಗಿನ ಟಿಕ್‌ಟಿಕ್ ಪೆನ್ನಿನ ಮೇಲೆ ನಿಂತಿತು.

"ಅಯ್ಯಾರ, ಒಂದೀಟು ಪೆನ್ ಕೊಡ್ರಿ."

"ಬರಿಯಾಕೇನು?"

"ಹೂಂ, ಬರಿಯಾಕ," ಎಂದವನೇ ಪೆನ್ನನ್ನು ಎರಡು ತುಂಡು ಮಾಡಿ ಸ್ಪ್ರಿಂಗು ತೆಗೆದನು. ಅಯ್ಯನವರು ಅಯ್ಯಯ್ಯೋ ಎಂದರು. ಅವರಿಗೆ ಉಳಿದದ್ದು ಎರಡು ಕೊಳವೆ ಮತ್ತು ಒಂದು ಕಡ್ಡಿ.

ತಾಮ್ರದ ತಗಡನ್ನು ತಿಕ್ಕಿ ಹೊಳೆಯಿಸಿ, ಪೆನ್ನಿನ ಸ್ಪ್ರಿಂಗನ್ನು ಕೂರಿಸಿ, ಗುಂಡಿಯನ್ನು ಮುಚ್ಚಿ, ದಾವಲಸಾಬನು ಹಿಂದೆ ಸರಿದನು. ಅವನ ಜುಬ್ಬಾ ಆಗ ಯಾವ ಬಣ್ಣದ್ದಾಗಿತ್ತೆಂದು ವರ್ಣಿಸಲು ಕಥೆಗಾರನಿಗೆ ಧೈರ್ಯವಿಲ್ಲ. "ದ್ಯಾಮಣ್ಣ, ಇದು ಕೂಸಿನಂಥಾ ಸ್ಪ್ರಿಂಗ್. ಒಂದ ಬೆರಳಿಲೆ ಮೆತ್ತಗ ಒತ್ತು. ತಿಳೀತಿಲ್ಲೋ?"

ಆ ಕ್ಷಣದಲ್ಲಿ ಅಂಗಳವೇ ಸುತ್ತ ನೆರೆದಿತ್ತು. ವಿರುಪಣ್ಣನು ಕನ್ನಡಕ ತೆಗೆದು ನಿಂತಿದ್ದನು. ನೀಲವ್ವನು ಜಾಲರಿಯೊಂದಿಗೆ ನಿಂತಿದ್ದಳು. ಗಂಟೆ ಮೂರೂ ಐವತ್ತೈದು. ಸಮಸ್ತಸೊಲ್ಲಾಪುರಮಾರ್ಗಚಕ್ರವರ್ತಿಯು ಸೀಟಿನ ಮೇಲೆ ನೆಟ್ಟಗೆ ಕೂತು, ಒಮ್ಮೆ ಆಕಾಶವನ್ನೂ ಒಮ್ಮೆ ಶ್ಯಾಲಕನನ್ನೂ ನೋಡಿ, ಒಂದು ಬೆರಳಿನಿಂದ ಒತ್ತುವುದು ವೀರಕುಲಕ್ಕೆ ಕುಂದೆಂದು ಬಗೆದು, ಇಡೀ ಅಂಗೈಯನ್ನು ಎತ್ತಿ ಗುದ್ದಿದನು.

ಭೋಂಽಽಽಽ!

ಏನು ನಾದ! ಏನು ಗಾಂಭೀರ್ಯ! ಎರಡು ತಿಂಗಳು ಒಳಗೇ ಕುದಿದ ಮಾತೆಲ್ಲ ಒಮ್ಮೆಲೇ ಹೊರಬಂದಂತೆ ಗಜಲಕ್ಷ್ಮಿಯು ಮೊರೆದಳು. ಓಣಿಯ ಬಾಗಿಲುಗಳೆಲ್ಲ ತೆರೆದವು. ಬ್ಯಾಂಡಿನವರು ಹುರುಪೇರಿ ತಾವೂ ಶುರುಮಾಡಿದರು. ದ್ಯಾಮಪ್ಪನು ಗುಂಡಿಯಿಂದ ಕೈಯೆತ್ತಿದನು. ನಾದ ನಿಲ್ಲಲಿಲ್ಲ. ಕೂಸಿನಂಥ ಸ್ಪ್ರಿಂಗು ಗುದ್ದಿಗೆ ಅಡ್ಡಬಿದ್ದಿತ್ತು. ಒಳಹೋದ ಗುಂಡಿ ಮೇಲೇಳಲಿಲ್ಲ.

"ವೈರ್ ಕೀಳ್ತೇನಿ!" ದಾವಲಸಾಬ ಬಾನೆಟ್ಟಿಗೆ ಧಾವಿಸಿದನು.

"ಮುಟ್ಟಬ್ಯಾಡ!" ಎಂದು ದ್ಯಾಮಪ್ಪ ಮೇಲಿನಿಂದಲೇ ಅಬ್ಬರಿಸಿದನು. "ಹೊಡೀಲಿ! ಊರೆಲ್ಲ ಕೇಳಲಿ! ಗದಗಿನ ಗಂಗಿಮಡಿತನಕ ಕೇಳಲಿ! ಎರಡು ತಿಂಗಳ ಬಾಕಿ ಐತಿ!"

"ಬ್ಯಾಟರಿ ಹಳೇದೈತೋ ಮಾರಾಯಾ!"

ಗೆದ್ದವನಿಗೆ ಬುದ್ಧಿಮಾತು ಯಾವ ಕಿವಿಯಿಂದ ಕೇಳೀತು? ಅವನು ಮೀಸೆ ತಿರುವುತ್ತ, ವಿರುಪಣ್ಣನ ಕಡೆ ಹುಬ್ಬು ಹಾರಿಸುತ್ತ, ತನ್ನ ರಥದ ಘೋಷವನ್ನು ಹದಿನೈದು ನಿಮಿಷ ಆಸ್ವಾದಿಸಿದನು. ನೀಲವ್ವನು ಕಿವಿ ಮುಚ್ಚಿಕೊಂಡೇ, "ಆತ್ರೀ, ಗೆದ್ದೀರಿ! ಮಗಳು ನಿಮ್ಮ ಲಾರ್ಯಾಗ!" ಎಂದು ಕೂಗಿ ಹೇಳಿ, ಮದುಮಗಳನ್ನು ಕರೆತರಲು ಒಳಗೆ ಹೋದಳು. ಆ ಮೇಲೆ ಭೋಂ ಎಂಬುದು ಭುಂ ಆಯಿತು, ಭುಂ ಎಂಬುದು ಗುಂಯ್ ಆಯಿತು, ಮುದುಕನೊಬ್ಬ ನಿದ್ದೆಯಲ್ಲಿ ಮೂಗಿನಿಂದ ಹಾಡಿದಂತೆ ಸ್ವಲ್ಪ ಹೊತ್ತು ಎಳೆದು ನಿಂತುಹೋಯಿತು.

ನಾಲ್ಕೂ ಹತ್ತು. ದ್ಯಾಮಪ್ಪನು ಗಾಂಭೀರ್ಯದಿಂದ ಕೀಲಿ ತಿರುಗಿಸಿದನು. ಗಜಲಕ್ಷ್ಮಿಯು "ಟಿಕ್" ಎಂದಳು. ಮತ್ತೊಮ್ಮೆ ತಿರುಗಿಸಿದನು. ಟಿಕ್ ಕೂಡ ಎನ್ನಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಮಹಾರಥಿಯ ಮುಖ ಬಾಡಿದ ಬಾಳೆಎಲೆಯಾಯಿತು. ಸ್ಟೇರಿಂಗಿಗೆ ಹಣೆ ಹಚ್ಚಿ, ಯಾರಿಗೂ ಕೇಳಿಸದ ಹಾಗೆ, "ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ," ಎಂದುಕೊಂಡನು. ಅಷ್ಟರಲ್ಲಿ ದಾವಲಸಾಬ ಹಾರ್ನಿನ ವೈರು ಕಿತ್ತು, ಕೆಳಗಿನಿಂದ ಕೂಗಿದನು: "ಎರಡನೇ ಗೇರಿಗೆ ಹಾಕು! ದೂಡ್ತೇವಿ!"

ಅಹಹ, ಆ ದೂಡುವಿಕೆಯ ವೈಭವ! ಡೋಲಿನವನು ದೂಡಿದನು, ಕಹಳೆಯವನು ಕಹಳೆಯನ್ನು ಹೆಗಲಿಗೇರಿಸಿ ದೂಡಿದನು, ಬೀಗರ ಕಡೆಯ ಹೂವಿನವರು ದೂಡಿದರು, ಪೆನ್ನು ಕಳೆದುಕೊಂಡ ಅಯ್ಯನವರು ಬಾಯಿಂದ ದೂಡಿದರು. "ನೀ ಏನ್ ನೋಡ್ತೀಯೋ, ಕೈ ಹಚ್ಚು!" ಎಂದು ಅಕ್ಕ ಬೆನ್ನಿಗೆ ಗುದ್ದಲು, ಶ್ವೇತಪ್ಯಾಂಟಾಲಂಕೃತನಾದ ವಿರುಪಣ್ಣನೂ ಗಜಲಕ್ಷ್ಮಿಯ ಮಸಿಹಿಡಿದ ಹಿಂಬದಿಗೆ ಎದೆಗೊಟ್ಟು ದೂಡಿದನು. ಓಣಿಯ ಇಳಿಜಾರಿನವರೆಗೆ ನೂಕಿ ತಂದು ಉಸಿರಿಗಾಗಿ ನಿಂತರು. ಅಲ್ಲಿಗೆ ಮದುಮಗಳನ್ನೂ ಕರೆತಂದರು. ಹಸಿರು ಇಳಕಲ್ ಸೀರೆಯುಟ್ಟು, ಬಾಸಿಂಗ ಕಟ್ಟಿದ ಕಸ್ತೂರಿಯು ಏರಲೆಂದು ಎಡಬಾಗಿಲಿನ ಕೆಳಗೆ ಸ್ಟೂಲು ಇಟ್ಟರು. ಯಾರೋ ಅವಳ ಬಟ್ಟೆಯ ಚೀಲವನ್ನು ಸೀಟಿನ ಮೇಲಿಟ್ಟು ಬಾಗಿಲನ್ನು ಧಡ್ಡೆಂದು ಹಾಕಿದರು.

ಹಿಂದಿನವರಿಗೆ ಮುಂದಿನದು ಕಾಣಲಿಲ್ಲ. ಬಾಗಿಲು ಬಿದ್ದ ಸದ್ದು ಕೇಳಿ, ಏರಿದಳೆಂದು ತಿಳಿದು, "ಹೂಂ, ಹಚ್ಚರಿ!" ಎಂದು ಒಮ್ಮೆಲೇ ದೂಡಿದರು. ಇಳಿಜಾರಿನ ಮೇಲೆಯೇ ಕಣ್ಣಿಟ್ಟಿದ್ದ ಮುಂದಿನವನೂ ಅದೇ ಸದ್ದು ಕೇಳಿ, ಏರಿದಳೆಂದೇ ತಿಳಿದು, ಕ್ಲಚ್ಚು ಬಿಟ್ಟನು. ಗಡಗಡ, ಗುಡುಗುಡು, ಢರ್ರ್! ಪ್ರಳಯಮೇಘಸದೃಶವಾದ ಕರಿಹೊಗೆಯೊಂದು ಎದ್ದು ಓಣಿಯನ್ನೆಲ್ಲ ಮುಚ್ಚಿತು. ಕಾಲೆತ್ತಿದರೆ ಆ ಇಂಜಿನ್ನು ಮತ್ತೆ ಸಾಯುತ್ತದೆಂದು ಬಲ್ಲ ದ್ಯಾಮಪ್ಪನು ಎಕ್ಸಲೇಟರನ್ನು ತುಳಿದವನು ತುಳಿದೇ ಇದ್ದನು. ಹೊಗೆ ತಿಳಿಯಾದಾಗ ಓಣಿಯಲ್ಲಿ ಉಳಿದದ್ದು ಒಂದು ಸ್ಟೂಲು, ಸ್ಟೂಲಿನ ಮೇಲೆ ಬಲಗಾಲಿಟ್ಟು ನಿಂತ ಮದುಮಗಳು.

ಇತ್ತ ದ್ಯಾಮಪ್ಪನು ಗಾಳಿಯಂತೆ ಸಾಗುತ್ತಿದ್ದನು. ಊರ ಹೊರಗಿನ ರೈಲ್ವೆ ಗೇಟು ಮಾತ್ರ ಹಾಕಿತ್ತು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಡಗಾಲಿನಲ್ಲಿ ಬ್ರೇಕು, ಬಲಗಾಲಿನಲ್ಲಿ ಎಕ್ಸಲೇಟರು ಒತ್ತಿ ಹಿಡಿದು, ಇಂಜಿನ್ನನ್ನು ಬದುಕಿಸಿಕೊಂಡು ನಿಂತನು. ಆಗ ಅವನ ಮನಸ್ಸು ತುಂಬಿ ಬಂತು. ಗೇಟಿನ ಕಡೆಗೇ ದೃಷ್ಟಿಯಿಟ್ಟು, ಪಕ್ಕದ ಸೀಟಿಗೆ ಹೇಳತೊಡಗಿದನು.

"ನೋಡವ್ವಾ ಕಸ್ತೂರಿ, ನಿಮ್ಮ ಅಕ್ಕಗೋಳ್ನ ಕಳಸೂ ಮುಂದ ನಾ ಗಾಡಿ ಹೊಡೀಲಿಲ್ಲ. ಅದು ನನ್ನ ಎದಿಯೊಳಗ ಮುಳ್ಳಾಗಿ ಕುಂತಿತ್ತು. ನಿನ್ನ ಮಾತ್ರ ನಾನ ಕರಕೊಂಡು ಹೋಗಬೇಕಂತ ಮಾಡಿದ್ದೆ. ಅದಕ್ಕ ಇಷ್ಟೆಲ್ಲಾ ಹೊಡದಾಡಿದೆ. ಅಳಬ್ಯಾಡ. ಅಲ್ಲಿ ಏನರ ತ್ರಾಸು ಆದ್ರ ಫೋನ್ ಮಾಡು, ಈ ಗಾಡಿ ತಗೊಂಡ ಬರ್ತೇನಿ. ಏನಂತಿ?"

ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ, ಸೀಟಿನ ಮೇಲೆ ಬಟ್ಟೆಯ ಚೀಲ ಕೂತಿತ್ತು.

ದ್ಯಾಮಪ್ಪನ ಗಂಟಲಿನಿಂದ ಹೊರಟ ಸದ್ದನ್ನು ಯಾವ ಛಂದಸ್ಸಿನಲ್ಲಿಯೂ ಹಿಡಿಸಲಾಗದು. ಇಳಿದು ಓಡೋಣವೆಂದರೆ ಕಾಲೆತ್ತುವಂತಿಲ್ಲ. ಕೂಗೋಣವೆಂದರೆ ಎದುರಿಗೆ ರೈಲು. ಮೂವರನ್ನೂ ಕಳಿಸಲಾಗದೆ ಹೋದೆನಲ್ಲಾ ಎಂದು ಆ ಸೊಲ್ಲಾಪುರಮಾರ್ಗಚಕ್ರವರ್ತಿಯು ಎರಡೂ ಕಾಲುಗಳನ್ನು ಒತ್ತಿಕೊಂಡೇ ಅತ್ತನು.

ರೈಲು ಹಾದುಹೋಗುತ್ತಿರುವಾಗ ಎಡಬಾಗಿಲು ತೆರೆಯಿತು. ಹಿಂದೆ ಬಂದು ನಿಂತ ಟೆಂಪೋದಿಂದ ಇಳಿದು ಓಡಿಬಂದ ಕಸ್ತೂರಿಯು ಸೀರೆ ಮೊಣಕಾಲಿಗೆತ್ತಿ, ಸ್ಟೂಲಿಲ್ಲದೆಯೇ ಒಂದೇ ನೆಗೆತಕ್ಕೆ ಹತ್ತಿ, ಚೀಲವನ್ನು ಸರಿಸಿ ಕೂತಳು.

"ಅಪ್ಪಾ, ನನ್ನ ಬಿಟ್ಟು ಎಲ್ಲಿಗೆ ಹೊಂಟಿದ್ದಿ? ಮದವಿ ನಿಂದೇನು?"

ದ್ಯಾಮಪ್ಪ ಕಣ್ಣೊರೆಸಿಕೊಂಡು ನಕ್ಕನು. ನಗುತ್ತಲೇ, ಇಷ್ಟಾದ ಮೇಲೆ ಕೇಳದೆ ಇರಲಾರದೆ ಕೇಳಿದನು: "ಹಾರ್ನ್ ಕೇಳಿದಿಲ್ಲೋ? ಹೆಂಗ ಹೊಡೀತು?"

"ಯಾವ ಹಾರ್ನ್? ಒಂದ ಸಮ ಒದರತಿತ್ತಲ್ಲ, ಅದೇನು? ಮಾಮಾ ಅವಸರ ಮಾಡಾಕತ್ತಾನ ಅಂತ ಅವನ್ನ ಬೈಕೋಂತ ಸೀರಿ ಉಟ್ಟೆ," ಎಂದಳು ಕಸ್ತೂರಿ. ಆಮೇಲೆ ಅವನ ಮುಖ ನೋಡಿ ನಿಧಾನವಾಗಿ, "ನಮ್ಮದು ಕೆಟ್ಟಿತ್ತೇನು?"

ದ್ಯಾಮಪ್ಪನು ತಲೆಯಾಡಿಸಿದನು. ಎರಡು ಮಾತಿನಲ್ಲಿ ಎಲ್ಲವನ್ನೂ ಹೇಳಿದನು: ಟೆಂಪೋ, ಗಡುವು, ಕುಂಕುಮ, ಪೆನ್ನು. ಹೇಳಿದ ಮೇಲೆ ಅವನಿಗೇ ಅದು ಬಹಳ ಸಣ್ಣದಾಗಿ ಕೇಳಿಸಿತು.

"ನೀವು ನೀವ ಹೊಡದಾಡಿದ್ರಿ," ಎಂದಳು ಮಗಳು. "ನನ್ನ ಯಾರರ ಒಂದ ಮಾತು ಕೇಳಿದ್ರೇನು? ಹಾರ್ನ್ ಇರಲಿ, ಬಿಡಲಿ, ನಾ ನಿನ್ನ ಗಾಡಿ ಬಿಟ್ಟು ಬ್ಯಾರೇದ್ರಾಗ ಹತ್ತತಿದ್ದೆ ಅಂತ ತಿಳದಿದ್ದೇನು?"

ಗೇಟು ಮೇಲೆದ್ದಿತು. ದ್ಯಾಮಪ್ಪನು ಒಂದನೇ ಗೇರು ಹಾಕಿದನು.